ಎರಡು ಇಂಚು ಎತ್ತುವ ಮುಂಚೆ ತೂಕದ ಚೀಟಿ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿಗೆ ಬಂದದ್ದು 2011ರ ಫಾರ್ಚೂನರ್. ಮೂರು ಲೀಟರ್ ಡೀಸೆಲ್, ಫೋರ್ ವೀಲ್ ಡ್ರೈವ್, ಮೀಟರಿನಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿದೆ. ವಾರವೆಲ್ಲ ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಒಬ್ಬರದೇ ಓಡಾಟ, ತಿಂಗಳಿಗೆ ಎರಡು ಸಲ ಮನೆಮಂದಿಯೆಲ್ಲ ಸಕಲೇಶಪುರದಾಚೆಯ ತೋಟಕ್ಕೆ. ಹಿಂದಿನ ಸೀಟು ತುಂಬಿದರೆ ಹಂಪ್ ಮೇಲೆ ಹಿಂಭಾಗ ದಡ್ ಅನ್ನುತ್ತದೆ, ತೋಟದ ದಾರಿಯಲ್ಲಿ ಹೊಟ್ಟೆ ಉಜ್ಜುತ್ತದೆ.

"ಮೇಸ್ತ್ರಿ, ಎರಡು ಇಂಚು ಎತ್ತಬೇಕು. ಯಾವ ಸ್ಪ್ರಿಂಗ್ ಹಾಕ್ತೀರಾ?"

"ಮೊದ್ಲು ತೂಕ ಹಾಕಿಸ್ಕೊಂಡ್ ಬನ್ನಿ ಸಾರ್. ಸ್ಪ್ರಿಂಗ್ ವಿಷ್ಯ ಆಮೇಲೆ ಮಾತಾಡೋಣ."

ಸ್ಪ್ರಿಂಗ್ ಆರಿಸುವ ಕೆಲಸ ಶುರುವಾಗಬೇಕಾದ್ದು ಹೀಗೇ. ಎಷ್ಟು ಇಂಚು ಎನ್ನುವುದು ಕೊನೆಯ ಪ್ರಶ್ನೆ. ಗಾಡಿ ಪ್ರತಿದಿನ ಎಷ್ಟು ಭಾರ ಹೊರುತ್ತದೆ ಎನ್ನುವುದು ಮೊದಲನೆಯದು. ಲಾರಿ ತೂಗುವ ಯಾವುದೇ ವೇ ಬ್ರಿಡ್ಜಿನಲ್ಲಿ ಇದು ಹತ್ತು ನಿಮಿಷದ ಕೆಲಸ. ಇಡೀ ಗಾಡಿ ಒಂದು ಸಲ, ಮುಂದಿನ ಎರಡು ಚಕ್ರ ಮಾತ್ರ ತಕ್ಕಡಿಯ ಮೇಲಿಟ್ಟು ಒಂದು ಸಲ, ಹಿಂದಿನ ಎರಡು ಮಾತ್ರ ಇಟ್ಟು ಇನ್ನೊಂದು ಸಲ. ಡ್ರೈವರ್ ಸೀಟಿನಲ್ಲೇ ಇರಬೇಕು, ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಬರೆದುಕೊಳ್ಳಬೇಕು. ಈ ಗಾಡಿಯ ಚೀಟಿಯಲ್ಲಿ ಬಂದದ್ದು ಮುಂದೆ 1,070 ಕೆಜಿ, ಹಿಂದೆ 940 ಕೆಜಿ. ಹಿಂದಿನ 940ರಲ್ಲಿ ಹೌಸಿಂಗ್ (ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲಿನ ಗಟ್ಟಿ ಕವಚ), ಚಕ್ರ, ಬ್ರೇಕ್ ಡ್ರಮ್ ಇವುಗಳ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಅದಕ್ಕೆ ಸುಮಾರು 160 ಕಳೆದರೆ 780, ಅಂದರೆ ಒಂದು ಸ್ಪ್ರಿಂಗಿನ ಪಾಲಿಗೆ 390 ಕೆಜಿ.

ಆ 390 ಕೈಯಲ್ಲಿದ್ದರೆ ಅಂಗಡಿಯವರ ಮಾತನ್ನು ಅಳೆದು ನೋಡಬಹುದು. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಪ್ರಕಾರ ಏರುತ್ತದೆ, ಸುರುಳಿಯ ವ್ಯಾಸದ ಮೂರನೇ ಘಾತದ ಪ್ರಕಾರ ಇಳಿಯುತ್ತದೆ. ಕೆಲಸ ಮಾಡುವ ಸುತ್ತುಗಳು ಹೆಚ್ಚಿದಷ್ಟೂ ಮೆದುವಾಗುತ್ತದೆ. ಉದಾಹರಣೆಗೆ 14 ಎಂಎಂ ತಂತಿ, ತಂತಿಯ ಮಧ್ಯದಿಂದ ಮಧ್ಯಕ್ಕೆ 120 ಎಂಎಂ ವ್ಯಾಸ, ಆರು ಸುತ್ತು ಹಿಡಿಯಿರಿ. ಒಂದು ಎಂಎಂ ಕುಗ್ಗಿಸಲು ಸುಮಾರು 3.7 ಕೆಜಿ ಬೇಕು. ತಂತಿ ಮಾತ್ರ 15 ಎಂಎಂ ಮಾಡಿದರೆ ಅದು 4.9 ಕೆಜಿ. ಒಂದೇ ಒಂದು ಎಂಎಂ ದಪ್ಪಕ್ಕೆ ಮೂರರಲ್ಲೊಂದು ಪಾಲಿನಷ್ಟು ಬಿಗಿ ಏರಿತು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ವರ್ನಿಯರ್ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಪೇಂಟ್ ದಪ್ಪವಾಗಿದ್ದರೆ ಅದನ್ನು ಕೆರೆದು ಅಳೆಯಿರಿ.

ಈಗ 390 ಕೆಜಿ ಹೊರಿಸಿ. ಮೊದಲನೆಯದು 104 ಎಂಎಂ ಕುಗ್ಗುತ್ತದೆ, ಎರಡನೆಯದು 79. ಉದ್ದ ಒಂದೇ ಇದ್ದರೂ ದಪ್ಪ ತಂತಿಯದು ಗಾಡಿಯನ್ನು 25 ಎಂಎಂ ಎತ್ತಿ ಹಿಡಿಯುತ್ತದೆ. "ಲಿಫ್ಟ್ ಸ್ಪ್ರಿಂಗ್" ಅಂತ ಮಾರುವ ಎಷ್ಟೋ ಮಾಲಿನ ಎತ್ತರ ಬರುವುದು ಹೀಗೆ, ಉದ್ದದಿಂದಲ್ಲ, ಗಟ್ಟಿತನದಿಂದ. ಅದರ ಬೆಲೆ ಖಾಲಿ ಗಾಡಿಯಲ್ಲಿ ಕೊಡಬೇಕು. ಮೆದು ಸ್ಪ್ರಿಂಗಿನ ಮೇಲೆ ಗಾಡಿ ನಿಮಿಷಕ್ಕೆ 92 ಸಲ ಮೇಲೆ ಕೆಳಗೆ ಕುಣಿದರೆ, ಬಿಗಿಯಾದದ್ದರ ಮೇಲೆ 106 ಸಲ. ಸಿಲ್ಕ್ ಬೋರ್ಡ್ ಕಡೆಯ ಸಾಲು ಹಂಪುಗಳ ಮೇಲೆ ಒಬ್ಬರೇ ಹೋಗುವಾಗ ಈ ವ್ಯತ್ಯಾಸ ನೇರವಾಗಿ ಸೊಂಟಕ್ಕೆ ಬಡಿಯುತ್ತದೆ. ಹಾಗಾದರೆ ಹೊರೆ ಹೇರಿದಾಗ ಬಿಗಿ ಸ್ಪ್ರಿಂಗಿನಿಂದ ಸಿಗುವ ಲಾಭ ಎಷ್ಟು? ಹಿಂದಿನ ಆಕ್ಸಲ್ ಮೇಲೆ 200 ಕೆಜಿ ಹೆಚ್ಚಿದರೆ ಮೆದುವಾದದ್ದು 27 ಎಂಎಂ ಕೂರುತ್ತದೆ, ಬಿಗಿಯಾದದ್ದು 20. ಏಳು ಎಂಎಂ ಅಷ್ಟೇ. ತಿಂಗಳಿಗೆ ನಾಲ್ಕು ದಿನದ ಏಳು ಎಂಎಂಗೋಸ್ಕರ ಉಳಿದ ಇಪ್ಪತ್ತಾರು ದಿನ ನಡು ನೋಯಿಸಿಕೊಳ್ಳುವುದು ಬೇಡ.

ಆದ್ದರಿಂದ ಹಿಂದಕ್ಕೆ ಆರಿಸಿದ್ದು ಕಂಪನಿ ಸ್ಪ್ರಿಂಗಿನ ಬಿಗಿಗೆ ಹತ್ತಿರವಿದ್ದು, ಉದ್ದ 40 ಎಂಎಂ ಹೆಚ್ಚಿರುವ ಜೋಡಿ. ಹೊರೆ ಇರುವ ದಿನಕ್ಕೆ ಸ್ಪ್ರಿಂಗಿನ ಒಳಗೆ ಕೂರುವ ಏರ್ ಬ್ಯಾಗ್ ಸಿಗುತ್ತದೆ. ತೋಟಕ್ಕೆ ಹೊರಡುವಾಗ ಗಾಳಿ ತುಂಬಿಸಿ, ಬಂದ ಮೇಲೆ ಇಳಿಸಿದರಾಯಿತು. ಹಿಂದೆ ಎರಡನೇ ಬ್ಯಾಟರಿ, ಡ್ರಾಯರ್, ಫ್ರಿಜ್ಜು ಅಂತ 200 ಕೆಜಿ ಕಾಯಂ ಇಟ್ಟುಕೊಂಡಿರುವವರ ಲೆಕ್ಕ ಬೇರೆ, ಅವರಿಗೆ ಬಿಗಿ ಸ್ಪ್ರಿಂಗೇ ಸರಿ.

ಮುಂದಿನ ಸ್ಪ್ರಿಂಗಿನ ವಿಷಯದಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಟಫ್ ಡಾಗ್ ಇವೆಲ್ಲ ಆಸ್ಟ್ರೇಲಿಯಾದ ಬ್ರ್ಯಾಂಡುಗಳು. ಅಲ್ಲಿ ಬುಲ್ ಬಾರ್ (ಮೂತಿಯ ಮುಂದಿನ ಭಾರಿ ಲೋಹದ ಕಟಕಟೆ), ಅದರ ಮೇಲೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕುವುದು ಮಾಮೂಲು. ಹಾಗಾಗಿ ಅವರ ಪಟ್ಟಿಯಲ್ಲಿ ಒಂದೇ ಗಾಡಿಗೆ ಬಾರ್ ಇಲ್ಲದ್ದು, ಬಾರ್ ಇರುವುದು, ಬಾರ್ ಮತ್ತು ವಿಂಚ್ ಇರುವುದು ಅಂತ ಬೇರೆ ಬೇರೆ ಸಾಲುಗಳಿರುತ್ತವೆ. ನಮ್ಮಲ್ಲಿ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕುವುದು ಕಾನೂನುಬಾಹಿರ ಎಂದು ಸ್ಪಷ್ಟಪಡಿಸಿದ ಮೇಲೆ ಬಹಳ ಮಂದಿ ಬಿಚ್ಚಿಸಿದ್ದಾರೆ, ಈ ಗಾಡಿಯದೂ ಹೋಗಿದೆ. ಬಾರ್ ಇಲ್ಲದ ಮೂತಿಗೆ ಬಾರಿನ ಸಾಲಿನ ಸ್ಪ್ರಿಂಗ್ ಹಾಕಿದರೆ ಮೂತಿ ಆಕಾಶ ನೋಡುತ್ತದೆ, ರಾತ್ರಿ ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. "ಸ್ಟಾಕ್ ಇರೋದು ಇದೇ ಸಾರ್, ಹಾಕ್ಕೊಳ್ಳಿ" ಅಂದರೆ ಕಾಯುವುದೇ ವಾಸಿ. ಡೀಸೆಲ್ ಎಂಜಿನ್ನಿನ ಸಾಲು, ಬಲಗಡೆ ಸ್ಟೇರಿಂಗಿನ ಸಾಲು ಎನ್ನುವುದನ್ನೂ ನೋಡಿಕೊಳ್ಳಬೇಕು. ಕೆಲವು ಸೆಟ್ಟುಗಳಲ್ಲಿ ಡ್ರೈವರ್ ಕಡೆಯ ಸ್ಪ್ರಿಂಗ್ ತುಸು ಉದ್ದ ಇರುತ್ತದೆ, ಎಡ ಬಲ ಅದಲು ಬದಲಾಗಬಾರದು.

ಮುಂದೆ ಇನ್ನೊಂದು ಲೆಕ್ಕ. ಫಾರ್ಚೂನರಿನ ಮುಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಮೇಲೆಯೇ ಕೂತು, ಚಕ್ರವನ್ನು ಚಾಸಿಸ್ಸಿಗೆ ಜೋಡಿಸುವ ಕೆಳಗಿನ ಆರ್ಮಿನ ನಡುವೆಲ್ಲೋ ಭಾರ ಹೊರುತ್ತದೆ. ಚಕ್ರ ಇರುವುದು ಆರ್ಮಿನ ತುದಿಯಲ್ಲಿ. ಸ್ಪ್ರಿಂಗಿನ ಜಾಗದಲ್ಲಿ 10 ಎಂಎಂ ಹೆಚ್ಚಿಸಿದರೆ ಚಕ್ರದ ಹತ್ತಿರ ಹೆಚ್ಚೂಕಡಿಮೆ 20 ಎಂಎಂ ಆಗುತ್ತದೆ. ಹಿಂದಿನ ಹೌಸಿಂಗಿನ ಮೇಲೆ ಹೀಗಿಲ್ಲ, ಅಲ್ಲಿ ಹಾಕಿದಷ್ಟೇ ಬರುತ್ತದೆ. ಇದು ತಿಳಿಯದೆ ಮುಂದೆ 40 ಎಂಎಂ ಪ್ಯಾಕಿಂಗ್ ಇಟ್ಟವರ ಗಾಡಿಯಲ್ಲಿ ಡ್ರೈವ್ ಶಾಫ್ಟಿನ (ಚಕ್ರಕ್ಕೆ ಪವರ್ ಒಯ್ಯುವ ದಂಡ) ರಬ್ಬರ್ ಬೂಟು ಹರಿದು, ಗ್ರೀಸ್ ಚಕ್ರದ ಒಳಗೆಲ್ಲ ಎರಚಿರುತ್ತದೆ. ಈ ಫಾರ್ಚೂನರಿನಲ್ಲಿ ಮುಂದಿನ ಶಾಫ್ಟುಗಳಿಗೆ ಯಾವಾಗಲೂ ಪವರ್ ಹೋಗುತ್ತಲೇ ಇರುವುದರಿಂದ ಕೋನ ಹೆಚ್ಚಾದಷ್ಟೂ ಸವೆತ ದಿನದಿನವೂ ನಡೆಯುತ್ತದೆ. ಚಕ್ರದ ಹತ್ತಿರ 40 ಎಂಎಂ ಸಾಕು ಅಂತ ನಿಲ್ಲಿಸಿದ್ದು ಅದಕ್ಕೇ. ಅದಕ್ಕಿಂತ ಮೇಲೆ ಹೋದರೆ ಮೇಲಿನ ಆರ್ಮ್ ಬದಲಿಸದೆ ಅಲೈನ್‌ಮೆಂಟ್ ಕೂರಿಸುವುದು ಕಷ್ಟ.

ಬಿಚ್ಚುವ ಮೊದಲು ಅಳತೆ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ನೇರ ಮೇಲಕ್ಕೆ ಟೇಪ್ ಹಿಡಿಯಬೇಕು, ನಾಲ್ಕೂ ಮೂಲೆ. ಬಲ ಹಿಂದಿನದು ಎಡಕ್ಕಿಂತ 9 ಎಂಎಂ ಕೆಳಗಿತ್ತು. ಇಷ್ಟರಿಂದಲೇ ಸ್ಪ್ರಿಂಗ್ ಸತ್ತಿದೆ ಅಂತ ತೀರ್ಮಾನಿಸಬಾರದು. ಹರಿದ ಬುಷ್ (ಕೀಲುಗಳೊಳಗಿನ ರಬ್ಬರ್), ಹಿಡಿದುಕೊಂಡ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಕೂಡ ಗಾಡಿಯನ್ನು ಒಂದು ಕಡೆ ವಾಲಿಸುತ್ತವೆ.

ಹಿಂದಿನ ಸ್ಪ್ರಿಂಗ್ ತೆಗೆಯಲು ಅದನ್ನು ಅದುಮಿ ಹಿಡಿಯುವ ಕಂಪ್ರೆಸರ್ ಬೇಡ. ಚಾಸಿಸ್ ಅಡಿಗೆ ಎರಡು ಸ್ಟ್ಯಾಂಡ್, ಹೌಸಿಂಗ್ ಅಡಿಗೆ ಟ್ರಾಲಿ ಜಾಕ್. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು, ಸ್ಟೆಬಿಲೈಸರ್ ಲಿಂಕು, ಲ್ಯಾಟರಲ್ ರಾಡಿನ (ಹೌಸಿಂಗ್ ಅಕ್ಕಪಕ್ಕಕ್ಕೆ ಸರಿಯದಂತೆ ಚಾಸಿಸ್ಸಿಗೆ ಹಿಡಿದಿಡುವ ಸರಳು) ಒಂದು ತುದಿ ಬಿಚ್ಚಿ ಹೌಸಿಂಗನ್ನು ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಇಳಿಸುವಾಗ ಒಬ್ಬರ ಕಣ್ಣು ಪೂರ್ತಿ ಬ್ರೇಕ್ ಹೋಸ್, ಎಬಿಎಸ್ ವೈರ್, ಹೌಸಿಂಗಿನ ಉಸಿರು ಪೈಪಿನ ಮೇಲೇ ಇರಬೇಕು. ಹೋಸ್ ಎಳೆದುಕೊಂಡಿತೆಂದರೆ ಅಲ್ಲಿಗೇ ನಿಲ್ಲಿಸಿ ಬ್ರ್ಯಾಕೆಟ್ ಬಿಚ್ಚಿಕೊಳ್ಳಬೇಕು.

ಹಳೆಯ ಸ್ಪ್ರಿಂಗುಗಳನ್ನು ನೆಲದ ಮೇಲೆ ಪಕ್ಕಪಕ್ಕ ನಿಲ್ಲಿಸಿದಾಗ ಬಲದ್ದು 6 ಎಂಎಂ ಗಿಡ್ಡ. ಕೆಳಗಿನ ಎರಡು ಸುತ್ತುಗಳ ನಡುವೆ ಪೇಂಟ್ ಹೋಗಿ, ಬೆರಳಗಲದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊರೆ ಹೇರಿದಾಗ ಸುತ್ತಿಗೆ ಸುತ್ತು ತಾಗಿ ಉಜ್ಜಿದ ಗುರುತು ಅದು. ಅದರ ಕೆಳಗೆ, ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಮಲೆನಾಡಿನ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಕೆಳಗಡೆ ತಂತಿಯ ಮೈಮೇಲೆ ಸಾಸಿವೆ ಕಾಳಿನಷ್ಟು ತುಕ್ಕಿನ ಗುಳಿಗಳು. ಸ್ಪ್ರಿಂಗ್ ಸಾಮಾನ್ಯವಾಗಿ ಮುರಿಯುವುದು ಇಂಥ ಗುಳಿಯಿಂದಲೇ, ಕೆಳಗಿನ ಮೊದಲ ಸುತ್ತಿನಲ್ಲೇ. ಮಳೆಗಾಲ ಮುಗಿದ ಮೇಲೆ ಆ ತಟ್ಟೆಗಳಿಗೆ ಒಂದು ಸಲ ನೀರು ಹೊಡೆಸಿದರೆ ಸ್ಪ್ರಿಂಗಿಗೆ ವರ್ಷಗಳ ಆಯಸ್ಸು ಸಿಗುತ್ತದೆ.

ಬಲಗಡೆಯ ಸುತ್ತುಗಳ ನಡುವೆ ಒಂದು ರಬ್ಬರ್ ಬಫರ್ ಕೂಡ ಸಿಕ್ಕಿಸಿದ್ದರು. ಜೆ.ಸಿ. ರಸ್ತೆಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ, ಎತ್ತರವೂ ತಕ್ಷಣ ಬರುತ್ತದೆ. ಆದರೆ ಬಫರ್ ಇರುವ ಸುತ್ತು ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ತಿರುಚುವಿಕೆ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಆ ಕಡೆಯ ಸ್ಪ್ರಿಂಗೇ ಮೊದಲು ಕುಸಿದದ್ದರಲ್ಲಿ ಆಶ್ಚರ್ಯವಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ಹದ ಹೋದ ಉಕ್ಕು ಕೆಲವು ದಿನ ನಿಂತು ಆಮೇಲೆ ಕೂರುತ್ತದೆ, ಇಲ್ಲವೇ ತುಂಡಾಗುತ್ತದೆ, ಅದೂ ಘಾಟಿಯ ತಿರುವಿನಲ್ಲಿ.

ಶಾಕ್ ಅಬ್ಸಾರ್ಬರ್ ಹಳೆಯದೇ ಇರಲಿ ಅನ್ನುವ ಮಾತು ಬಂತು. 40 ಎಂಎಂ ಎತ್ತಿದ ಗಾಡಿಗೆ ಕಂಪನಿ ಅಳತೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಚಕ್ರ ಕೆಳಕ್ಕೆ ಇಳಿಯುವ ಜಾಗ 40 ಎಂಎಂ ಕಡಿಮೆಯಾಗುತ್ತದೆ. ಹಂಪ್ ಇಳಿಯುವಾಗ ರಾಡ್ ತುದಿಗೆ ಎಳೆದು ಟಕ್ ಅನ್ನುತ್ತದೆ, ಸೀಲು ಬೇಗ ಸೋರುತ್ತದೆ. ತೀರಾ ಉದ್ದದ್ದು ಹಾಕಿದರೆ ಇನ್ನೊಂದು ಅಪಾಯ: ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗ್ ಸಡಿಲವಾಗಿ ತಟ್ಟೆಯಿಂದ ಜಾರಬಹುದು. ಚಕ್ರ ಪೂರ್ತಿ ಇಳಿದಾಗಲೂ ಸ್ಪ್ರಿಂಗ್ ಸ್ವಲ್ಪ ಅದುಮಿಕೊಂಡೇ ಇರಬೇಕು, ಚಕ್ರ ಪೂರ್ತಿ ಮೇಲೆ ಹೋದಾಗ ಶಾಕ್ ಅಬ್ಸಾರ್ಬರ್ ತಳ ಮುಟ್ಟುವ ಮೊದಲು ಬಂಪ್ ಸ್ಟಾಪ್ ಅನ್ನುವ ರಬ್ಬರ್ ತಡೆ ತಾಗಬೇಕು. ಇವೆರಡನ್ನೂ ಜಾಕಿನಲ್ಲಿ ಏರಿಸಿ ಇಳಿಸಿ ಕಣ್ಣಾರೆ ನೋಡಿದ ಮೇಲೇ ಬೋಲ್ಟು ಬಿಗಿಯಬೇಕು.

ಮುಂದಿನ ಸೆಟ್ಟು ಗೋಡೆಗೆ ಕೂರಿಸಿದ ಕಂಪ್ರೆಸರಿನಲ್ಲೇ ಬಿಚ್ಚಿದ್ದು. ನೂರಾರು ಕೆಜಿ ಬಲ ಅದುಮಿಟ್ಟ ಸ್ಪ್ರಿಂಗಿಗೆ ಎರಡು ಕೊಕ್ಕೆಯ ಕಂಪ್ರೆಸರ್ ಹಾಕಿ ಇಂಪ್ಯಾಕ್ಟ್ ಗನ್ ಹೊಡೆಯುವುದು ಜೀವಕ್ಕೆ ಅಪಾಯ. ಮುಖ ಯಾವತ್ತೂ ಸ್ಪ್ರಿಂಗಿನ ತುದಿಯ ನೇರಕ್ಕೆ ಇರಬಾರದು.

ಮಧ್ಯಾಹ್ನ ಎಡ ಹಿಂದಿನದನ್ನು ಕೂರಿಸಿ ಹೌಸಿಂಗ್ ಏರಿಸಿದ ಮೇಲೆ ಮೇಸ್ತ್ರಿ ಕೆಳಗಿನ ತುದಿಗೆ ಬೆರಳು ಹಾಕಿ ನೋಡಿದರು. "ಲೋ, ಕಿರುಬೆರಳು ಪೂರ್ತಿ ತೂರ್ತಾ ಇದೆ. ಇಳಿಸು." ತಟ್ಟೆಯಲ್ಲಿ ಒಂದು ತಡೆ ಇರುತ್ತದೆ, ಸ್ಪ್ರಿಂಗಿನ ತುದಿ ಅದಕ್ಕೆ ಹತ್ತಿರವಾಗಿ ಕೂರಬೇಕು. ಬಿಟ್ಟರೆ ಓಡುವಾಗ ಸ್ಪ್ರಿಂಗ್ ತಾನಾಗಿ ತಿರುಗಿ ಟಣ್ ಅನ್ನುತ್ತದೆ, ಎತ್ತರವೂ ಬದಲಾಗುತ್ತದೆ. ಇಳಿಸಿ, ತಿರುಗಿಸಿ, ಮೇಲಿನ ರಬ್ಬರನ್ನೂ ಸರಿಯಾಗಿ ಕೂರಿಸಿ ಮತ್ತೆ ಏರಿಸಲು ಅರ್ಧ ಗಂಟೆ ಹಿಡಿಯಿತು.

ಬುಷ್ ಇರುವ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿರುವಾಗ ಕೊನೆಯ ಬಿಗಿ ಬಿಗಿಯಬಾರದು. ಗಾಡಿ ನೆಲಕ್ಕೆ ಇಳಿದು, ನಾಲ್ಕು ಸಲ ಅಲ್ಲಾಡಿಸಿ, ತನ್ನ ಎತ್ತರಕ್ಕೆ ಕೂತ ಮೇಲೇ ಟಾರ್ಕ್ ರೆಂಚ್. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಲ್ಯಾಟರಲ್ ರಾಡು ಓರೆಯಾದಷ್ಟೂ ಹೌಸಿಂಗನ್ನು ಚಾಸಿಸ್ ತುದಿಯ ಕಡೆಗೆ ಎಳೆಯುತ್ತದೆ. 40 ಎಂಎಂ ಲಿಫ್ಟಿಗೆ ಮೂರು ನಾಲ್ಕು ಎಂಎಂ ಅಷ್ಟೇ, ಬಿಡಬಹುದು. ಇದಕ್ಕಿಂತ ಎತ್ತಿದರೆ ಅಡ್ಜಸ್ಟಬಲ್ ರಾಡ್ ಬೇಕು. ಹೊರೆ ನೋಡಿ ಹಿಂದಿನ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಇರುವ ಹಳೆಯ ಗಾಡಿಗಳಲ್ಲಿ ಅದರ ಕೊಂಡಿಯನ್ನೂ ಲಿಫ್ಟಿಗೆ ತಕ್ಕಂತೆ ಸರಿಪಡಿಸಬೇಕು. ಇಲ್ಲವಾದರೆ ಗಾಡಿ ಯಾವಾಗಲೂ ಖಾಲಿ ಇದೆ ಅಂದುಕೊಂಡು ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡಿಬಿಡುತ್ತದೆ.

ಓನರಿಗೆ ಹೇಳಲೇಬೇಕಾದ ಎರಡು ವಿಷಯಗಳಿದ್ದವು. ಸ್ಪ್ರಿಂಗ್ ಎಷ್ಟು ಎತ್ತಿದರೂ ಹಿಂದಿನ ಹೌಸಿಂಗಿನ ಹೊಟ್ಟೆ ಒಂದು ಎಂಎಂ ಕೂಡ ಮೇಲೇಳುವುದಿಲ್ಲ, ಅದು ಟೈರಿನ ಎತ್ತರಕ್ಕೆ ಕಟ್ಟಿಬಿದ್ದದ್ದು. ದಾರಿ ನಡುವಿನ ಕಲ್ಲನ್ನು ಈಗಲೂ ನೋಡಿಯೇ ದಾಟಬೇಕು. ಎರಡನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರ ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿದೆ. 15 ವರ್ಷ ತುಂಬಿದ ಗಾಡಿ ಆರ್‌ಸಿ ನವೀಕರಣಕ್ಕೆ ತಪಾಸಣೆಗೆ ನಿಲ್ಲಬೇಕು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿಯೇ ಕೈ ಹಾಕಬೇಕು. ಹಳೆಯ ಸ್ಪ್ರಿಂಗುಗಳಲ್ಲಿ ಎಡಗಡೆಯದು ಚೆನ್ನಾಗಿದೆ ಅಂತ ಒಂದನ್ನೇ ಉಳಿಸಿಕೊಳ್ಳುವುದು ವ್ಯರ್ಥ. ವಾಪಸ್ ಹಾಕುವ ಸಂದರ್ಭ ಬಂದರೆ ಕಂಪನಿಯದೇ ಹೊಸ ಜೋಡಿ ಹಾಕಬೇಕು.

ಸಂಜೆ ಅಲೈನ್‌ಮೆಂಟಿಗೆ ಹಾಕಿದಾಗ ಕ್ಯಾಸ್ಟರ್ (ಸ್ಟೇರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ತೋರಿಸಿತು, ನಿರೀಕ್ಷಿಸಿದ್ದೇ. ಮುಂಭಾಗ ಎತ್ತಿದರೆ ಕ್ಯಾಸ್ಟರ್ ಇಳಿದು ಸ್ಟೇರಿಂಗ್ ತಿರುವಿನಿಂದ ತಾನಾಗಿ ವಾಪಸ್ ಬರಲು ಮೈಗಳ್ಳತನ ಮಾಡುತ್ತದೆ. ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟುಗಳಲ್ಲಿ ಕ್ಯಾಸ್ಟರ್ ಮತ್ತು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಹಸಿರು ಗೆರೆಯೊಳಗೆ ಬಂದ ಮೇಲೆ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂರಿಸಿ, ಹೆಡ್‌ಲೈಟಿನ ಬೀಮ್ ಇಳಿಸಿದ್ದಾಯಿತು. ಕನಕಪುರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಟೇಪ್ ಹಿಡಿದಾಗ ಹಿಂದೆ ಎಡಕ್ಕೆ 47, ಬಲಕ್ಕೆ 54 ಎಂಎಂ ಏರಿತ್ತು. ಕುಸಿದಿದ್ದ ಹಳೆಯ ಸ್ಪ್ರಿಂಗಿಗೆ ಹೋಲಿಸಿದ ಲೆಕ್ಕ ಅದು. ಹೊಸ ಸ್ಪ್ರಿಂಗ್ ಮೊದಲ ಸಾವಿರ ಕಿಲೋಮೀಟರಿನಲ್ಲಿ ಐದರಿಂದ ಹತ್ತು ಎಂಎಂ ಕೂರುತ್ತದೆ. ನಾಲ್ಕು ಮೂಲೆಯ ಅಳತೆಯನ್ನು ತೂಕದ ಚೀಟಿಯ ಹಿಂದೆ ಬರೆದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟು ಮೇಸ್ತ್ರಿ ಹೇಳಿದರು: "ಸಾವಿರ ಓಡಿದ ಮೇಲೆ ಬನ್ನಿ ಸಾರ್, ಬೋಲ್ಟ್ ಎಲ್ಲಾ ಇನ್ನೊಂದ್ಸಲ ನೋಡಿ, ಅಲೈನ್‌ಮೆಂಟ್ ಮತ್ತೆ ಮಾಡ್ಸೋಣ. ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯೋ ಮುಂಚೆ ಮಾತ್ರ ಎತ್ತರದ ಬೋರ್ಡ್ ನೋಡಿ, ನಿಮ್ದು ಮೇಲೆ ಕ್ಯಾರಿಯರ್ ಬೇರೆ ಇದೆ."