ಮಸಕಾಡೊನ ತಲೆಯಿಂದ ಅಕಿಹಬರಾದ ಗೊಂಬೆಗಳವರೆಗೆ

ಟೋಕಿಯೊದಲ್ಲಿ ‘ಬೆಳಿಗ್ಗೆ ಸಮುರಾಯ್, ಮಧ್ಯಾಹ್ನ ಅನಿಮೆ’ ಎಂದು ಗೈಡ್‌ಗಳು ಮಾರುವ ಎಷ್ಟೋ ನಡಿಗೆಗಳು ಎರಡು ಬೇರೆ ಊರು ತೋರಿಸಿ ಕಳಿಸುತ್ತವೆ. ಕಚೇರಿಗಳ ಬಡಾವಣೆ ಓತೆಮಾಚಿಯಿಂದ ಹೊರಡಿ, ಎರಡೂ ಕಡೆ ಒಬ್ಬನೇ ಯೋಧ ಸಿಗುತ್ತಾನೆ.

ಅವನು ತೈರಾ ನೊ ಮಸಕಾಡೊ. ದೊರೆತನದ ವಿರುದ್ಧ ದಂಗೆಯೆದ್ದು 940ರಲ್ಲಿ ಸತ್ತವನು. ಕ್ಯೋಟೊದಲ್ಲಿ ನೇತುಹಾಕಿದ್ದ ಅವನ ತಲೆ ಹಾರಿ ಬಂದು ಬಿತ್ತು ಎನ್ನುವ ಜಾಗ ಇಲ್ಲಿನ ಗಾಜಿನ ಕಟ್ಟಡಗಳ ನಡುವೆ ಇವತ್ತಿಗೂ ಕಟ್ಟಡ ಏಳದೆ ಉಳಿದಿದೆ. ಇಲ್ಲಿ ದನಿ ತಗ್ಗಿಸಿ, ಕೈಮುಗಿಯಲೆಂದೇ ಬರುವವರಿದ್ದಾರೆ.

ಐದಾರು ನಿಮಿಷ ನಡೆದರೆ ಶೋಗನ್ ದೊರೆಗಳಿದ್ದ ಎಡೊ ಕೋಟೆಯ ಓತೆಮೊನ್ ಬಾಗಿಲು. ಪ್ರವೇಶ ಉಚಿತ, ಚೀಲ ತೆರೆದು ತೋರಿಸಬೇಕು. ಸೋಮವಾರ, ಶುಕ್ರವಾರ ಸಾಮಾನ್ಯವಾಗಿ ರಜೆ. ಜನ ಗಮನಿಸದೆ ದಾಟಿಹೋಗುವುದು ಇಲ್ಲೇ. ಸಣ್ಣ ಬಾಗಿಲು ದಾಟಿದ ಕೂಡಲೇ ಸುತ್ತ ಗೋಡೆಯಿರುವ ಚೌಕದಂಗಳ. ಮುಂದಿನ ದೊಡ್ಡ ಬಾಗಿಲಿಗೆ 90 ಡಿಗ್ರಿ ತಿರುಗಬೇಕು. ನುಗ್ಗಿ ಬಂದ ಶತ್ರು ಇಲ್ಲಿ ವೇಗ ಕಳೆದುಕೊಂಡು, ಮೇಲಿನ ಕಿಂಡಿಗಳಿಗೆ ಗುರಿಯಾಗುತ್ತಿದ್ದ. ಗೈಡ್ ಇದನ್ನು ನಿಲ್ಲಿಸಿ ತೋರಿಸದಿದ್ದರೆ ನೀವೇ ನಿಂತು ನೋಡಿ.

ಒಳಗೆ ಗೋಪುರ ಹುಡುಕಬೇಡಿ. 1657ರ ಬೆಂಕಿಯಲ್ಲಿ ಸುಟ್ಟದ್ದನ್ನು ಮತ್ತೆ ಕಟ್ಟಲಿಲ್ಲ. ಸುಮಾರು 11 ಮೀಟರ್ ಎತ್ತರದ ಕಲ್ಲಿನ ಜಗಲಿ ಮಾತ್ರ ಉಳಿದಿದೆ. ಅದರತ್ತ ಹೋಗುವ ದಾರಿಯಲ್ಲಿ ಒಂದು ಪುಟ್ಟ ಕಲ್ಲಿದೆ: 1701ರಲ್ಲಿ ಅಸಾನೊ ಎಂಬ ಒಡೆಯ ಕಿರಾ ಎಂಬ ಅಧಿಕಾರಿಯ ಮೇಲೆ ಕತ್ತಿ ಎತ್ತಿದ ಮೊಗಸಾಲೆ ಇದ್ದ ಜಾಗ. ಒಡೆಯನನ್ನು ಕಳೆದುಕೊಂಡ 47 ಸಮುರಾಯ್‌ಗಳ, ಅಂದರೆ ರೋನಿನ್‌ಗಳ ಕಥೆ ಶುರುವಾಗುವುದು ಇಲ್ಲಿಂದ. ಹಿರಕಾವಾಮೊನ್ ಬಾಗಿಲಿಂದ ಹೊರಬನ್ನಿ. ಹೆಣಗಳನ್ನೂ ಅಪರಾಧಿಗಳನ್ನೂ ಸಾಗಿಸುತ್ತಿದ್ದ ‘ಮೈಲಿಗೆ ಬಾಗಿಲು’ ಇದೇ, ಅಸಾನೊನನ್ನೂ ಹೀಗೇ ಒಯ್ದರು ಎನ್ನುತ್ತಾರೆ.

ಉತ್ತರಕ್ಕೆ ಅರ್ಧ ಗಂಟೆ ನಡೆದರೆ ಹಿಜಿರಿಬಾಶಿ ಸೇತುವೆ. ಕೆಳಗಿನ ಆಳವಾದ ಕಾಂಡಾ ನದಿ ಕೋಟೆಯ ಹೊರಕಂದಕ; ದಾತೆ ಮನೆತನದ ಆಳುಗಳು ಗುಡ್ಡ ಕಡಿದು ತೋಡಿದ್ದು. ಈಗ ಅದರ ಬದಿಯಲ್ಲಿ ಕಿತ್ತಳೆ ಮತ್ತು ಹಳದಿ ಪಟ್ಟೆಯ ರೈಲುಗಳು, ಅಡ್ಡಲಾಗಿ ಕೆಂಪು ಮೆಟ್ರೊ. ಮೂರೂ ಒಟ್ಟಿಗೆ ಬರುವ ಗಳಿಗೆಗೆ ಕ್ಯಾಮೆರಾದವರು ಕಾದಿರುತ್ತಾರೆ.

ಆಚೆ ದಡದಲ್ಲಿ ಕಾಂಡಾ ಮ್ಯೋಜಿನ್ ದೇಗುಲ. ಮೊದಲು ಓತೆಮಾಚಿಯಲ್ಲಿ, ಆ ತಲೆಯ ಬಳಿಯೇ ಇದ್ದದ್ದು 1616ರಲ್ಲಿ ಇಲ್ಲಿಗೆ ಬಂತು. ಮಸಕಾಡೊ ಇಲ್ಲಿ ದೇವರು. ಪಕ್ಕದಲ್ಲಿ ಅಕ್ಕಿಮೂಟೆಯ ಮೇಲೆ ನಿಂತು ನಗುವ ಡೊಳ್ಳುಹೊಟ್ಟೆಯ ದೈಕೊಕು ಮೂಲದಲ್ಲಿ ನಮ್ಮ ಮಹಾಕಾಲ! ಹರಕೆಯ ಮರದ ಹಲಗೆಗಳನ್ನು ನೋಡಿ: ಪರೀಕ್ಷೆ, ಮದುವೆಯ ಕೋರಿಕೆಗಳ ನಡುವೆ ‘ಲವ್ ಲೈವ್’ ಅನಿಮೆ ಹುಡುಗಿಯರ, ಕೈಯಲ್ಲೇ ಬಿಡಿಸಿದ ಚಿತ್ರಗಳು. ಆ ಕಥೆಯ ಒಬ್ಬಳು ಇದೇ ದೇಗುಲದ ಸೇವಕಿ. ಲ್ಯಾಪ್‌ಟಾಪಿಗೆ ಅಂಟಿಸುವ ತಾಯಿತವೂ ಸಿಗುತ್ತದೆ. ಕೆಳಗೇ ಎಲೆಕ್ಟ್ರಾನಿಕ್ಸ್, ಅನಿಮೆ ಅಂಗಡಿಗಳ ಪೇಟೆ ಅಕಿಹಬರಾ ಇರುವಾಗ ಇದು ಗಿಮಿಕ್ ಅನ್ನಿಸುವುದಿಲ್ಲ.

ಕಡಿದಾದ ಮೆಟ್ಟಿಲಿಳಿದು ಹತ್ತು ನಿಮಿಷಕ್ಕೆ ಅಕಿಹಬರಾ. ಅಂಗಡಿಗಳು ತೆರೆಯುವುದು ಸುಮಾರು 11ಕ್ಕೆ, ಹಾಗಾಗಿ ಈ ನಡಿಗೆಯನ್ನು ತಿರುಗಾಮುರುಗಾ ಮಾಡಿದರೆ ಕೆಡುತ್ತದೆ. ಭಾನುವಾರ ಮಧ್ಯಾಹ್ನ ಮುಖ್ಯರಸ್ತೆಗೆ ವಾಹನ ಬಿಡುವುದಿಲ್ಲ. ನಾಣ್ಯ ಹಾಕಿದರೆ ಪುಟ್ಟ ಗೊಂಬೆ ಉದುರಿಸುವ ಗಾಚಾ ಯಂತ್ರಗಳಿಗೆ 100 ಯೆನ್ ನಾಣ್ಯ ಬೇಕು. ಚಿಲ್ಲರೆ ಯಂತ್ರ ಹೆಚ್ಚಾಗಿ 1,000ದ ನೋಟು ಮಾತ್ರ ನುಂಗುತ್ತದೆ, ಮೊದಲೇ ಮುರಿಸಿಟ್ಟುಕೊಳ್ಳಿ. ಸೇವಕಿಯರ ವೇಷದ ಹುಡುಗಿಯರು ಬಡಿಸುವ ಮೇಡ್ ಕೆಫೆಯಲ್ಲಿ ತಿಂಡಿಯ ಜೊತೆ ಗಂಟೆಯ ಲೆಕ್ಕದಲ್ಲಿ ಕೂತದ್ದಕ್ಕೂ ದುಡ್ಡು ಕೇಳುವುದುಂಟು. ಬಾಗಿಲಲ್ಲೇ ವಿಚಾರಿಸಿ ಒಳಹೋಗಿ.