ನಿಮ್ಮ ಅಕ್ಕಿ ತಗೊಂಡೆ, ನನ್ನ ಚಾ ಬೇಡವಾ?

"ನಿಮ್ಮ ಅಕ್ಕಿ ನಾನು ತಗೊಂಡೆನಲ್ಲ ಪುತಾ, ನನ್ನ ಚಾ ನಿಮಗೆ ಬೇಡವಾ?"

ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಘವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಈ ವಾರ ಮನೆಭೇಟಿಗೆ ಹೋದಾಗ ಒಬ್ಬ ಅಜ್ಜಿ ಕೇಳಿದ ಮಾತಿದು. ಪುತಾ ಅಂದರೆ ಕೊಂಕಣಿಯಲ್ಲಿ ಮಗ. ಕೇಳಿಸಿಕೊಂಡ ಹುಡುಗ ಒಳ್ಳೆಯವನೇ. ಕುಚ್ಚಲಕ್ಕಿ, ತೊಗರಿಬೇಳೆ, ಎಣ್ಣೆ ಎಲ್ಲವನ್ನೂ ಬೈಕಿಗೆ ಕಟ್ಟಿ ತಂದವನೂ ಅವನೇ. ಆದರೆ ವಾಚು ನೋಡಿಕೊಂಡು "ಬೇಡ ಮಾಂಯ್, ಇನ್ನೂ ಮನೆಗಳಿವೆ" ಅಂದುಬಿಟ್ಟ. ಅಷ್ಟು ಹೊತ್ತಿಗೆ ಒಳಗೆ ಹಾಲಿನ ತೊಟ್ಟೆಯ ಮೂಲೆ ಕತ್ತರಿಸಿಯಾಗಿತ್ತು. ಅಜ್ಜಿ ದಿನಾ ಕುಡಿಯುವುದು ಕಪ್ಪು ಚಾ. ಆ ಹಾಲು ಬಂದವರಿಗೆಂದೇ ತರಿಸಿದ್ದು.

ಪ್ಯಾರಿಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಈ ಸಭೆ ಕಟ್ಟಿದಾಗ ಓಝನಾಮನಿಗೆ ಇಪ್ಪತ್ತು ವರ್ಷ. ಬಡವರ ಮನೆಗೆ ಹೇಗೆ ಹೋಗಬೇಕೆಂದು ಆ ವಿದ್ಯಾರ್ಥಿಗಳಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರಾಂಡು. ಅಕ್ಕಿ ಹಂಚುವುದಷ್ಟೇ ಕೆಲಸವಾಗಿದ್ದರೆ ಚರ್ಚಿನ ಬಾಗಿಲಲ್ಲಿ ಸಾಲು ನಿಲ್ಲಿಸಿದರೆ ಮುಗಿಯುತ್ತಿತ್ತು. ಮನೆಗೇ ಹೋಗಬೇಕು, ಅದೂ ಇಬ್ಬಿಬ್ಬರಾಗಿ ಹೋಗಬೇಕು ಎಂಬ ಪದ್ಧತಿ ಇರುವುದು ಕೂತು ಮಾತಾಡಲಿಕ್ಕೆ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣಿಗೆ ಸೋರುವ ಸೂರೋ, ಖಾಲಿಯಾದ ಮಾತ್ರೆಯ ಪಟ್ಟಿಯೋ ಬೀಳುತ್ತದೆ.

ಕೆಡುವುದು ಹೆಚ್ಚಾಗಿ ಮೊದಲ ಐದು ನಿಮಿಷದಲ್ಲೇ. ಹೊಸ್ತಿಲಲ್ಲೇ ಚೀಲ ಕೊಟ್ಟರೆ ಭೇಟಿ ಅಲ್ಲಿಗೇ ಮುಗಿಯಿತು. ಆಮೇಲೆ ಕೂತರೂ ಮನೆಯವರು ಉಪಕಾರದ ಮಾತನ್ನಷ್ಟೇ ಆಡುತ್ತಾರೆ. ಚೀಲ ಬದಿಗಿಟ್ಟು ಮೊದಲು ಕೂರಬೇಕು, ಕೊಡುವುದು ಏಳುವ ಹೊತ್ತಿಗೆ. ಚೀಲದ ಮೇಲೆ ಸಭೆಯ ಹೆಸರು ಬೇಡ, ನೆರೆಮನೆಯವರು ಓದುತ್ತಾರೆ. ರೇಷನ್ ಕಾರ್ಡು, ಪೆನ್ಶನ್ ವಿಚಾರ ಕೇಳಲೇಬೇಕು, ಆದರೆ ಪುಸ್ತಕ ತೆರೆದು ಬರೆದುಕೊಳ್ಳುತ್ತ ಅಲ್ಲ. ದಾರಿಗೆ ಬಂದ ಮೇಲೆ ಬರೆದರಾಯಿತು. ಪ್ರಾರ್ಥನೆ ಮಾಡೋಣವೇ ಎಂದು ಕೇಳಿಯೇ ಮಾಡಬೇಕು. ಬೇಡ ಅಂದರೆ ಅಕ್ಕಿ ಒಂದು ಹಿಡಿಯೂ ಕಡಿಮೆಯಾಗಕೂಡದು. ಸಹಾಯಕ್ಕೆ ಜಾತಿ ಮತದ ಲೆಕ್ಕವಿಲ್ಲ ಎಂಬುದು ಸಭೆಯ ನಿಯಮವೇ. ಇನ್ನು ಫೋಟೋ ತೆಗೆಯುವವರನ್ನು ಕರೆದುಕೊಂಡೇ ಹೋಗಬಾರದು.

ಚಾದ ವಿಷಯ ಮಾತ್ರ ಯಾರೂ ಕಲಿಸುವುದಿಲ್ಲ. ಬಡವರಿಗೆ ಖರ್ಚು ಮಾಡಿಸಬಾರದೆಂದು ಹಿಂಜರಿಯುವವರಿದ್ದಾರೆ, ಅದು ಸುಳ್ಳು ಕರುಣೆಯೇನಲ್ಲ. ಆದರೂ "ನನ್ನ ಚಾ ನಿಮಗೆ ಬೇಡವಾ?" ಎಂಬ ಪ್ರಶ್ನೆಯ ಎದುರು ಅದು ನಿಲ್ಲುವುದಿಲ್ಲ. ಕಾಲು ತೊಳೆಯಲು ಬಂದ ಯೇಸುವಿಗೆ ಶಿಷ್ಯ ಪೇತ್ರ ಹೇಳಿದ್ದೂ ಬೇಡವೆಂದೇ. ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂಬ ಉತ್ತರ ಸಿಕ್ಕಿತು. ಪೇತ್ರನದು ವಿನಯ ಎಂದು ಪ್ರವಚನಗಳಲ್ಲಿ ಹೇಳುತ್ತಾರೆ. ಅರ್ಧ ವಿನಯ, ಇನ್ನರ್ಧ ಹಮ್ಮು ಅನ್ನಿಸುತ್ತದೆ. ಕೊಡುವವನ ಜಾಗ ಬಿಟ್ಟು ಕೆಳಗಿಳಿಯಲು ಒಳ್ಳೆಯವರಿಗೇ ಹೆಚ್ಚು ಕಷ್ಟ.

ದೇವರು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ ಎಂದು ಬೈಬಲಿನಲ್ಲಿ ಯೋಹಾನನ ಪತ್ರ ಹೇಳುತ್ತದೆ. ಆ ಕ್ರಮ ತಿರುಗಿದರೆ ಸೇವೆ ಬರೀ ಸಾಮಾನು ಸಾಗಣೆ. ಚರ್ಚಿನ ಬಲಿಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿಗೆ ಕೈಯೊಡ್ಡುವಾಗ ಎಡಗೈ ಮೇಲೆ, ಬಲಗೈ ಕೆಳಗೆ, ಎರಡೂ ತೆರೆದು ಇಡುತ್ತೇವೆ. ಪಾದ್ರಿಯ ಬೆರಳಿನಿಂದ ನಾವೇ ಕಿತ್ತುಕೊಳ್ಳುವಂತಿಲ್ಲ, ಇಡುವವರೆಗೆ ಕಾಯಬೇಕು. ಭಾನುವಾರ ಹೀಗೆ ಕೈಯೊಡ್ಡಿ ನಿಂತವರು ವಾರದ ನಡುವೆ ಒಂದು ಲೋಟ ಚಾ ತಳ್ಳಿ ಬರುತ್ತಾರೆ.

ಶುಗರ್ ಇದ್ದರೆ ಸಕ್ಕರೆ ಬೇಡವೆನ್ನಿ, ಚಾವನ್ನೇ ಬೇಡವೆನ್ನಬೇಡಿ. ಚಾ ಆಗುವುದೇ ಇಲ್ಲವಾದರೆ ಕೂತ ಕೂಡಲೇ ನೀರು ಕೇಳಿ, ಹಾಲು ತರಿಸುವ ಮೊದಲೇ. ಒಂದು ಸಂಜೆಗೆ ಮೂರು ಮನೆ ಸಾಕು. ಪಟ್ಟಿ ಉದ್ದವಾದರೆ ಎಲ್ಲರ ಕಣ್ಣೂ ವಾಚಿನ ಮೇಲೆಯೇ. ಅಜ್ಜಿಯ ಮನೆಯಲ್ಲಿ ಕೊನೆಗೆ ಜೊತೆಗಿದ್ದ ಹಿರಿಯರು ಹುಡುಗನ ಭುಜ ಒತ್ತಿ ಕೂರಿಸಿದರು. ಚಾ ಬಂತು. ಶುಂಠಿ ಸ್ವಲ್ಪ ಜಾಸ್ತಿಯಾಗಿತ್ತು.