ಅತ್ತೆಯ ವಾಲ್ವ್ ಮತ್ತು ಕಡಲೆಕಾಯಿ ಪರಿಷೆ

18 ನವೆಂಬರ್ 2025, ಮಂಗಳವಾರ

ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಪರಿಷೆ ಟೈಮಲ್ಲಿ ಅತ್ತೆ ಮನೆ ಕಡೆ ತಲೆ ಹಾಕಬಾರದು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಹೋಗುತ್ತೇನೆ. ಈ ಸಲ ಹೋಗಲೇಬೇಕಿತ್ತು. ಸಿಟಿ ಸ್ಕ್ಯಾನ್ ರಿಪೋರ್ಟ್ ಬಂದಿತ್ತು.

ಅತ್ತೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಾಯಿ ಮಾತ್ರ ಮೊದಲಿನ ಹಾಗೇ. ಅಯೋರ್ಟಿಕ್ ವಾಲ್ವ್ 2013ರಲ್ಲಿ ಎದೆ ತೆರೆದು ಹಾಕಿದ್ದು. ಹಸುವಿನ ಹೃದಯದ ಸುತ್ತಲಿನ ಪೊರೆಯಿಂದ ಮಾಡಿದ್ದು. (ಹಸು ಅನ್ನೋದನ್ನ ಮಾವ ಇವತ್ತಿಗೂ ಅತ್ತೆಗೆ ಹೇಳಿಲ್ಲ. ನೀವೂ ಹೇಳಬೇಡಿ.) ಈಗ ಅದು ಗಟ್ಟಿಯಾಗಿದೆ, ಸರಿಯಾಗಿ ತೆರೆಯುತ್ತಿಲ್ಲ. ತೊಡೆಯ ರಕ್ತನಾಳದಿಂದ ಹೋಗಿ ಹಳೆಯದರ ಒಳಗೇ ಹೊಸದನ್ನು ಕೂರಿಸೋಣ ಅಂತ ಡಾಕ್ಟರ್. ಆದರೆ ಎಡಗಡೆ ಕರೊನರಿಯ ಬಾಯಿ ತೀರಾ ಹತ್ತಿರ ಇದೆ, ಒಂದು ಲೀಫ್ಲೆಟ್ ಸೀಳಬೇಕಾಗಬಹುದು ಅಂದಿದ್ದಾರೆ.

"ನೀನು ಆಫೀಸಲ್ಲಿ ಮಾಡೋದೂ ಅದೇ ಅಲ್ವಾ? ವಾಲ್ವ್ ಹರಿಯೋ ಸಾಮಾನು?"

ಹೂಂ ಅಂದೆ.

"ಅಷ್ಟು ದುಡ್ಡು ಸುರಿದು ಹಾಕಿಸ್ಕೊಂಡಿದ್ದನ್ನ ಹರಿಯೋಕೆ ಇಂಜಿನಿಯರಿಂಗ್ ಓದಿದ್ಯಾ?"

ಕಿಟಕಿ ಪರದೆ ತೋರಿಸಿ ಹೇಳಿದೆ. ಹೊಸ ವಾಲ್ವ್ ಒಳಗೆ ಅರಳುವಾಗ ಹಳೆಯ ಲೀಫ್ಲೆಟ್‌ಗಳು ಹೊರಗೆ ಒತ್ತಿಕೊಂಡು ನಿಂತುಬಿಡುತ್ತವೆ. ಹೃದಯಕ್ಕೇ ರಕ್ತ ಕೊಡುವ ಕರೊನರಿ ಕಿಟಕಿ ಇದ್ದ ಹಾಗೆ, ಪರದೆ ಅದಕ್ಕೆ ಅಡ್ಡ ಬಂದರೆ ಗತಿ ಏನು? ಪರದೆಗೆ ನಡುವೆ ಒಂದು ಸೀಳು ಹಾಕಿದರೆ ಅದು ವಿ ಆಕಾರದಲ್ಲಿ ಬಾಯಿ ಬಿಡುತ್ತದೆ, ಹೊಸ ವಾಲ್ವ್‌ನ ಜಾಲರಿ ಮೂಲಕ ರಕ್ತ ಹೋಗುತ್ತದೆ. ಹೊಸ ವಾಲ್ವ್‌ಗೂ ಕರೊನರಿ ಬಾಯಿಗೂ ನಡುವೆ 4 ಮಿಲಿಮೀಟರ್‌ಗಿಂತ ಕಡಿಮೆ ಜಾಗ ಉಳಿಯುತ್ತದೆ ಅಂತ ಸಿಟಿಯಲ್ಲಿ ಕಂಡರೆ ಅಪಾಯ ಜಾಸ್ತಿ ಅಂತ ಲೆಕ್ಕ. ಅತ್ತೆಯ ರಿಪೋರ್ಟ್‌ನಲ್ಲಿ ಅದಕ್ಕಿಂತ ಕಡಿಮೆಯೇ ಇತ್ತು. ಆ ಅಂಕಿ ಮಾತ್ರ ಬಾಯಿ ಬಿಡಲಿಲ್ಲ.

ಅತ್ತೆ ಒಂದು ಕಡಲೆಕಾಯಿ ಬಿಡಿಸಿ, ಬೀಜ ಬಾಯಿಗೆ ಹಾಕಿಕೊಂಡು ಕೇಳಿದರು: "ಸರಿ, ಹರಿದ ಮೇಲೆ ರಕ್ತ ವಾಪಸ್ ಬರಲ್ವಾ?"

ಬರುತ್ತದೆ. ಅದಕ್ಕೇ ಹೊಸ ವಾಲ್ವ್ ಪಕ್ಕದಲ್ಲೇ ತಯಾರಾಗಿರಬೇಕು. ಸೀಳಿದ ಮೇಲೆ ಕಾಫಿ ಕುಡಿದು ಬರ್ತೀನಿ ಅನ್ನೋ ಹಾಗಿಲ್ಲ. ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಸೀಳುವುದರಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಕೆಲಸ ಬೆಸಿಲಿಕಾ. ಅಮೆರಿಕದ ಎನ್‌ಐಎಚ್‌ನಲ್ಲಿ ಜಾಫರ್ ಖಾನ್, ರಾಬರ್ಟ್ ಲೆಡರ್‌ಮನ್ ಅವರ ತಂಡ ಮಾಡಿದ್ದು. ಮನುಷ್ಯರ ಮೇಲಿನ ಮೊದಲ ವರದಿ 2018ರದ್ದು. ಅದಕ್ಕೆ ಅಂತಲೇ ಮಾಡಿದ ಸಾಧನ ಒಂದೂ ಇರಲಿಲ್ಲ. ಬೇರೆ ಕೆಲಸಕ್ಕೆ ಇರುವ ಗೈಡ್‌ವೈರ್, 0.014 ಇಂಚು, ಅಂದರೆ ಸುಮಾರು 0.36 ಮಿಲಿಮೀಟರ್. ಅದಕ್ಕೆ ಕರೆಂಟ್ ಕೊಟ್ಟು ಲೀಫ್ಲೆಟ್‌ನ ಬುಡದಲ್ಲಿ ತೂರಿಸಿ, ಆಚೆ ಕಡೆ ಕುಣಿಕೆಯಲ್ಲಿ ಹಿಡಿದು ಹೊರಗೆ ಎಳೆಯುತ್ತಾರೆ. ನಡುವೆ ಒಂದಿಷ್ಟು ಜಾಗದಲ್ಲಿ ಬ್ಲೇಡಿನಿಂದ ಲೇಪನ ಕೆರೆದು, ಅಲ್ಲೇ ಮಡಿಚಿ ವಿ ಮಾಡುತ್ತಾರೆ. ಕೆರೆಯುವುದು ಒಳಮೈಯನ್ನು ಮಾತ್ರ! ಹೊರಮೈ ಕೆರೆದರೆ ಕರೆಂಟ್ ಸುಮ್ಮನೆ ರಕ್ತಕ್ಕೆ ಹೋಗುತ್ತದೆ. ಸೀಳುವಾಗ ಸಲೈನ್ ಬದಲು ಡೆಕ್ಸ್ಟ್ರೋಸ್ ಹರಿಸುತ್ತಾರೆ. ಸಲೈನ್‌ನಲ್ಲಿ ಕರೆಂಟ್ ಹರಿಯುತ್ತದೆ, ಡೆಕ್ಸ್ಟ್ರೋಸ್‌ನಲ್ಲಿ ಇಲ್ಲ. ಇಷ್ಟು ಸರಳವಾದದ್ದು ನಮಗೆ ಯಾಕೆ ಹೊಳೆಯಲಿಲ್ಲ ಅಂತ ಆಗಾಗ ಅನಿಸುತ್ತದೆ.

ಆದರೆ ಅದಕ್ಕೆ ತುಂಬಾ ಪಳಗಿದ ಕೈ ಬೇಕು. ಅದಕ್ಕೇ ಈಗ ಬೇರೆ ದಾರಿಗಳು. ಇಸ್ರೇಲಿನ ಪೈ-ಕಾರ್ಡಿಯಾದ ಶಾರ್ಟ್‌ಕಟ್, ಕರೆಂಟ್ ಇಲ್ಲದೆ ಯಾಂತ್ರಿಕವಾಗಿಯೇ ಸೀಳುವಂಥದ್ದು, 2024ರಲ್ಲಿ ಎಫ್‌ಡಿಎ ಅನುಮತಿ ಪಡೆಯಿತು. ನಮ್ಮದೂ ಬ್ಲೇಡೇ. ಬ್ಲೇಡ್ ಚೂಪು ಮಾಡೋದು ದೊಡ್ಡ ವಿಷಯವಲ್ಲ, ಪೀಣ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಷ್ಟ ಇರೋದು ಬ್ಲೇಡ್ ಲೀಫ್ಲೆಟ್ ಬಿಟ್ಟು ಬೇರೇನನ್ನೂ ಮುಟ್ಟದ ಹಾಗೆ ನೋಡಿಕೊಳ್ಳೋದರಲ್ಲಿ. ಅಯೋರ್ಟಾ ಗೋಡೆ ಅಲ್ಲೇ ಇದೆ. ಜಾರಿದರೆ ಮುಗೀತು.

ಶಿವಾಜಿನಗರದಿಂದ ತರುವ ಮೇಕೆ ಹೃದಯ ನಮಗೆ ಮೋಸ ಮಾಡುತ್ತದೆ. ಅದರ ಲೀಫ್ಲೆಟ್ ತೆಳ್ಳಗೆ, ಒದ್ದೆ ಒದ್ದೆ, ಯಾವ ಬ್ಲೇಡಿಗಾದರೂ ಬಗ್ಗುತ್ತದೆ. ಅತ್ತೆಯೊಳಗಿರೋದು ಗ್ಲುಟರಾಲ್ಡಿಹೈಡ್‌ನಲ್ಲಿ ಹದ ಮಾಡಿದ್ದು, ಮೇಲೆ ಇಷ್ಟು ವರ್ಷದ ಕ್ಯಾಲ್ಸಿಯಂ. ಅದನ್ನು ಟೇಬಲ್ ಮೇಲೆ ಎಲ್ಲಿಂದ ತರೋದು? ಲ್ಯಾಬ್‌ನಲ್ಲಿ ಸಲೀಸಾಗಿ ಸೀಳಿದ ವಿಡಿಯೋ ನೋಡಿ ಬಾಸ್ ಚಪ್ಪಾಳೆ ಹೊಡೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹೊರಡುವಾಗ ಅತ್ತೆ ಒಂದು ಸೇರು ಹಸಿ ಕಡಲೆಕಾಯಿ ಕಟ್ಟಿಕೊಟ್ಟರು. "ನಿನ್ನ ಸಾಮಾನು ಯಾವಾಗ ರೆಡಿ ಆಗತ್ತೆ?" ಅಂದರು. ನಿಮ್ಮ ಆಪರೇಷನ್‌ಗಂತೂ ಅಲ್ಲ ಅತ್ತೆ ಅಂದೆ. "ಒಳ್ಳೇದೇ ಆಯ್ತು ಬಿಡು" ಅಂದರು. ಅದು ಸಮಾಧಾನವೋ ಬೈಗುಳವೋ ಗೊತ್ತಾಗಲಿಲ್ಲ.

ಆಟೋದಲ್ಲಿ ಬರುವಾಗಲೂ ತಲೆಯಲ್ಲಿ ಟಾರ್ಕ್‌ದೇ ಯೋಚನೆ. ತೊಡೆಯಿಂದ ಹೊರಟ ಶಾಫ್ಟ್ ಅಯೋರ್ಟಾದ ಕಮಾನು ದಾಟಿ ಬಗ್ಗಿಕೊಂಡು ನಿಂತಿರುತ್ತದೆ. ಇಲ್ಲಿ ಹಿಡಿ ತಿರುಗಿಸಿದರೆ ತುದಿ ಮೊದಲು ಜಪ್ಪಯ್ಯ ಅನ್ನಲ್ಲ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಲೀಫ್ಲೆಟ್‌ನ ನಟ್ಟನಡುವೆ ನಿಲ್ಲಬೇಕಾದದ್ದು ಪಕ್ಕಕ್ಕೆ ಹೋದರೆ ಸೀಳು ಕರೊನರಿಯ ಎದುರು ಬರುವುದೇ ಇಲ್ಲ. ಬ್ರೇಡ್ ಬಿಗಿ ಮಾಡಿದರೆ ತಿರುಗುತ್ತದೆ, ಆದರೆ ಕಮಾನಿನಲ್ಲಿ ಬಗ್ಗಲ್ಲ. ಮೆತ್ತಗೆ ಮಾಡಿದರೆ ಬಗ್ಗುತ್ತದೆ, ತಿರುಗಲ್ಲ. ಶಾಫ್ಟ್ ಅನ್ನು ತಿರುಗಿಸೋದನ್ನೇ ಬಿಟ್ಟು, ತುದಿ ತಾನಾಗೇ ಲೀಫ್ಲೆಟ್‌ನ ಬುಡಕ್ಕೆ ಹೋಗಿ ಕೂರುವ ಹಾಗೆ ನಿಟಿನಾಲ್‌ನಲ್ಲಿ ಒಂದು ಚಿಕ್ಕ ತೋಳು ಕೊಟ್ಟರೆ? ಆದರೆ ಆಗ ಆ ತೋಳನ್ನು ವಾಪಸ್ ಮಡಚೋದು ಹೇಗೆ, ಸೀಳಿದ ಅಂಚಿಗೆ ಸಿಕ್ಕಿಕೊಂಡರೆ